ಮೀನುಗಳ ಒಪ್ಪಿಗೆ ಕೇಳಲು ಶೃಂಗೇರಿಗೆ

ನರಸಿಂಹರಾಜಪುರದಲ್ಲಿ ಬೆಳಿಗ್ಗೆ ಕೊಪ್ಪದ ಬಸ್ಸು ಹತ್ತಿದಾಗ ನಮ್ಮದು ಬರೀ ಆಸ್ಪತ್ರೆಯ ಪ್ರಯಾಣ. ಶೃಂಗೇರಿಯ ಸುದ್ದಿಯೇ ಇರಲಿಲ್ಲ. ನನ್ನ ಸೋದರಮಾವ ಟೈಲರ್. ಸಕ್ಕರೆ ಕಾಯಿಲೆಯಿಂದ ಅವರ ಎಡಗಾಲಿನ ಹೆಬ್ಬೆರಳ ಬುಡದಲ್ಲಾದ ಹುಣ್ಣು ಮಳೆಗಾಲ ಕಳೆದರೂ ಮಾಯುವ ಲಕ್ಷಣವಿರಲಿಲ್ಲ. ಅತ್ತೆ ಚಿಂತೆಯಲ್ಲಿದ್ದರೆ, ಮಾವ ಮುಂದಿನ ಸೀಟಿನವನ ಕಾಲರ್ ಹೊಲಿಗೆಯ ತಪ್ಪು ತೋರಿಸುತ್ತ ಹಾಯಾಗಿ ಬಂದರು.

ಕೊಪ್ಪದಲ್ಲಿ ಡಾಕ್ಟರಮ್ಮ ಗಾಯ ಶುಚಿ ಮಾಡಿ, ತೆಳ್ಳನೆಯ ಬಿಳಿ ಹಾಳೆಯೊಂದನ್ನು ತೋರಿಸಿದರು. “ಮೀನಿನ ಚರ್ಮದಿಂದ ಮಾಡಿದ್ದು. ಬಳ್ಳಿಗೆ ಚಪ್ಪರ ಇದ್ದಹಾಗೆ. ನಿಮ್ಮದೇ ಹೊಸ ಚರ್ಮ ಇದನ್ನ ಹಿಡ್ಕೊಂಡು ಹಬ್ಬುತ್ತೆ. ಇವತ್ತೇ ಹಾಕೋಣ. ಹೀಗೇ ಬಿಟ್ರೆ ಬೆರಳು ತೆಗೀಬೇಕಾಗಬಹುದು.”

ಮಾವ ಕಾಲು ಹಿಂದಕ್ಕೆಳೆದುಕೊಂಡರು. “ಸಣ್ಣವನಿದ್ದಾಗಿಂದ ಶೃಂಗೇರಿ ಮೀನಿಗೆ ಮಂಡಕ್ಕಿ ಹಾಕ್ತಾ ಬಂದವ ನಾನು. ಈಗ ಅದರ ಚರ್ಮ ಕಟ್ಕೊಳ್ಳದಾ?”

“ಇದು ಸಮುದ್ರದ ಮೀನು, ಶೃಂಗೇರಿದಲ್ಲ.”

“ನೆಂಟಸ್ತನ ಇದ್ದೇ ಇರ್ತದಲ್ಲ, ಡಾಕ್ಟ್ರೇ!”

ಕೊನೆಗೆ ಮಾವನೇ ಒಂದು ದಾರಿ ಹುಡುಕಿದರು. ಶೃಂಗೇರಿಗೆ ಹೋಗಿ ಮಂಡಕ್ಕಿ ಹಾಕುವುದು. ಮೀನುಗಳು ಅದನ್ನು ತಿಂದರೆ ಒಪ್ಪಿಗೆ ಕೊಟ್ಟ ಹಾಗೆ. ಡಾಕ್ಟರಮ್ಮ ನಕ್ಕು, ಕಾಲಿಗೆ ಬಟ್ಟೆ ಸುತ್ತಿ, ಸಂಜೆ ಐದರೊಳಗೆ ಬನ್ನಿ, ನೀರು ಮಾತ್ರ ಸೋಕಬಾರದು ಎಂದರು. ಅತ್ತೆ ನನ್ನ ಕಿವಿಯಲ್ಲಿ, “ಆ ಮೀನು ತಿನ್ನದೇ ಇರೋ ದಿನ ಇದ್ಯನೇ? ನಡಿ, ಹೋಗಿ ಬರಾಣ” ಎಂದರು.

ಹರಿಹರಪುರ ದಾಟಿ ಶೃಂಗೇರಿ ಮುಟ್ಟಿದಾಗ ಮಧ್ಯಾಹ್ನ. ರಜೆಯ ದಿನ, ಕಾಲಿಡಲು ಜಾಗವಿಲ್ಲ. ಮಾವನ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ತುಂಗೆಯ ದಡದಲ್ಲಿ ಮೇಲಿನ ಮೆಟ್ಟಿಲಲ್ಲೇ ಕೂರಿಸಿದೆವು. ನಾನು ಕೆಳಗಿಳಿದು ಅವರು ಪೊಟ್ಟಣದಿಂದ ಸುರಿದುಕೊಟ್ಟ ಮಂಡಕ್ಕಿಯನ್ನು ನೀರಿಗೆ ಚೆಲ್ಲಿದೆ. ದಪ್ಪ ದಪ್ಪ ಮೀನುಗಳು ಹತ್ತಿರ ಬಂದವು, ಸುಮ್ಮನೆ ಹೊರಳಿ ಹೋದವು. ಇನ್ನೊಂದು ಹಿಡಿ ಹಾಕಿದೆ. ಊಹೂಂ! ಬೆಳಗಿನಿಂದ ಊರೂರಿನವರು ಸುರಿದದ್ದು ಇನ್ನೂ ತೇಲುತ್ತಿತ್ತು. ನನಗೆ ಅಳುವೇ ಬಂತು.

“ನೋಡಿದ್ಯಾ? ಒಪ್ಪಲಿಲ್ಲ. ಮನೆಗೆ ಹೋಗಾಣ ಮಾರಾಯ್ತಿ” ಎಂದು ಮಾವ ಏಳಲು ಹೊರಟರು. ಮುಖ ಸಪ್ಪಗಾಗಿತ್ತು.

ಅತ್ತೆ ಅವರ ಭುಜ ಹಿಡಿದು ಕೂರಿಸಿದರು. “ನಾ ಬಡಿಸಿದಾಗ ಹೊಟ್ಟೆ ತುಂಬಿದೆ ಅಂತ ನೀವೆಷ್ಟು ಸಲ ತಟ್ಟೆ ಸರಿಸಿಲ್ಲ? ಅದಕ್ಕೆ ನಾನೇನು ಮನೆ ಬಿಟ್ಟು ಹೋದ್ನಾ? ಪಾಪ, ಅವಕ್ಕೂ ಹೊಟ್ಟೆ ತುಂಬಿದೆ, ಅಷ್ಟೇ!” ಹಾಗೆನ್ನುತ್ತ ಅವರ ಕಾಲಿನ ಚೀಲದ ಗಂಟು ಬಿಗಿ ಮಾಡಿದರು. “ನಂಗೆ ಯಾವ ಮೀನಿನ ಒಪ್ಪಿಗೆನೂ ಬೇಡ. ನಿಮ್ಮ ಕಾಲು ಬೇಕು.”

ಅತ್ತೆ “ಮೀನು ತಿನ್ನದಿದ್ರೆ ಏನಾಯ್ತು, ನಾನೇ ತಿಂತೀನಿ” ಎಂದು ಮಾವನ ಕೈಯಿಂದ ಪೊಟ್ಟಣ ಕಿತ್ತುಕೊಂಡು, ಅಷ್ಟು ಜನರೆದುರಿಗೇ ಮಂಡಕ್ಕಿಯನ್ನು ಮುಕ್ಕತೊಡಗಿದರು. ಕಣ್ಣಲ್ಲಿ ನೀರು, ಬಾಯ್ತುಂಬ ಮಂಡಕ್ಕಿ. ಪಕ್ಕದಲ್ಲಿದ್ದ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು ಗಾಬರಿಯಾಗಿ, “ಯವ್ವಾ, ನೀರು ಕುಡೀ” ಎಂದು ಬಾಟಲಿ ಕೊಟ್ಟರು. ಮಾವ ಮೊದಲು ಕಣ್ಣರಳಿಸಿ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊಪ್ಪಕ್ಕೆ ಹಿಂದಿರುಗುವ ಬಸ್ಸಿನಲ್ಲಿ ನಿಲ್ಲಲೂ ಕಷ್ಟವಾಗುವಷ್ಟು ಜನ. ಕಾಲಿನ ಚೀಲ ನೋಡಿ ಕಂಡಕ್ಟರ್ ಮಾವನಿಗೆ ತನ್ನ ಸೀಟು ಬಿಟ್ಟುಕೊಟ್ಟ. ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರಮ್ಮ ಸಿಕ್ಕರು.

“ಏನಾಯ್ತು? ಮಂಡಕ್ಕಿ ತಿಂದ್ವಾ?”

ಮಾವ ಅತ್ತೆಯ ಕಡೆ ನೋಡಿದರು. “ಒಂದು ಕಾಳೂ ಬಿಡ್ಲಿಲ್ಲ” ಎಂದು ಹೇಳಿ, ಮಂಚ ಹತ್ತಿ ಕಾಲು ಚಾಚಿದರು.