ಎರಡು ಕರಪತ್ರ, ಒಂದೇ ಕೈಬರಹ

ಮರಾಠಿ ಬರೆಯುವಾಗ ನಾನು ಮೊದಲು ಮೇಲಿನ ಗೆರೆ ಎಳೆದುಕೊಳ್ಳುತ್ತಿದ್ದೆ. ಆಮೇಲೆ ಹಗ್ಗಕ್ಕೆ ಬಟ್ಟೆ ಒಣಹಾಕಿದಂತೆ ಅಕ್ಷರಗಳನ್ನು ಒಂದೊಂದಾಗಿ ಅದಕ್ಕೆ ತೂಗುಹಾಕುತ್ತಿದ್ದೆ. ಮರಾಠಿಯವರು ಅಕ್ಷರ ಬರೆದು ಮೇಲೆ ಗೆರೆ ಹಾಕುತ್ತಾರೆ. ಮನೆಯಲ್ಲಿ ಮೊದಲು ಕನ್ನಡ ಬರೆದು ಕಲಿತ ಕೈ ನನ್ನದು. ಗೆರೆ ಮರೆತುಹೋದೀತೆಂದು ಹೀಗೆ ರೂಢಿಸಿಕೊಂಡಿದ್ದೆ. ಆದ್ದರಿಂದ ನನ್ನ ಸಾಲಿನ ಗೆರೆ ಪದಗಳ ನಡುವೆಯೂ ತುಂಡಾಗದೆ ಅಂಚಿನಿಂದ ಅಂಚಿಗೆ ಓಡುತ್ತಿತ್ತು. ಅಪ್ಪನ ಹೋಟೆಲಿನ ಹಲಗೆಯ ಮೇಲೆ ದಿನದ ತಿಂಡಿಗಳನ್ನು ಬರೆಯುತ್ತಿದ್ದವಳೂ ನಾನೇ. ನಾಸಿಕ್ ಜಿಲ್ಲೆಯ ನಮ್ಮೂರು ಘೋಟಿಯ ಪೇಟೆಗೆಲ್ಲ ಆ ಗೆರೆಯ ಪರಿಚಯವಿತ್ತು.

ನಾನು ನಾಸಿಕ್‌ನಲ್ಲಿ ಅರ್ಥಶಾಸ್ತ್ರದ ಬಿ.ಎ. ಮುಗಿಸಿ ಬಂದ ವರ್ಷ ಜಿಲ್ಲಾ ಪರಿಷತ್ ಚುನಾವಣೆ ಬಂತು. ನಮ್ಮ ಕ್ಷೇತ್ರದಿಂದ ನಿಂತವರು ಇಬ್ಬರು: ಒಬ್ಬರು ಅಕ್ಕಿ ಗಿರಣಿಯ ಮಾಲೀಕರು, ಇನ್ನೊಬ್ಬರು ಲಾರಿ ಮಾಲೀಕರು. ಗಿರಣಿಯ ಹಮಾಲರು, ಲಾರಿ ಓಡಿಸುವವರು ಎಲ್ಲರೂ ತಿನ್ನಲು ಬರುತ್ತಿದ್ದುದು ನಮ್ಮಲ್ಲಿಗೇ, ಹೆಚ್ಚುಕಡಿಮೆ ಅರ್ಧರ್ಧ. ಯಾವ ಅರ್ಧ ತಪ್ಪಿದರೂ ಹೋಟೆಲು ಮುಚ್ಚಬೇಕಾಗುತ್ತಿತ್ತು.

ಗಿರಣಿಯವರು ಅಪ್ಪನನ್ನು ಕೇಳಿದರು, "ಅಣ್ಣಾ, ನಿಮ್ಮ ಮಗಳು ಓದಿದವಳು. ನಮ್ಮ ಕರಪತ್ರ ಬರೆದುಕೊಡಲಿ." ಅಪ್ಪ ಆಗಲಿ ಎಂದರು. ಎರಡು ದಿನ ಬಿಟ್ಟು ಲಾರಿಯವರೂ ಕೇಳಿದರು. ಅವರಿಗೂ ಆಗಲಿ ಎಂದರು.

"ಇಬ್ಬರಿಗೂ ಒಪ್ಪಿದಿರಾ ಅಪ್ಪ?"

"ಗಿರಾಕಿಗೆ 'ಇಲ್ಲ' ಅಂತ ಹೇಳ್ಲಿಕ್ಕುಂಟಾ ಮಾರಾಯ್ತಿ? ದೋಸೆ ಹಿಟ್ಟು ಮುಗಿದ್ರೂ ನಾವು 'ಈಗ ಬರ್ತದೆ' ಅಂತ್ಲೇ ಹೇಳುದು."

"ಇದು ದೋಸೆ ಅಲ್ಲ."

"ಬರೆಯುವವಳು ಒಳಗೆ ಕೂತು ಬರೆದ್ರೆ ಯಾರಿಗೆ ಗೊತ್ತಾಗ್ತದೆ?"

ಗಿರಣಿಯವರ ಯೋಜನೆ ಇದು: ಗಿರಣಿ ಓಣಿಗೆ ಗಟ್ಟಿ ರಸ್ತೆ, ಇನ್ನೆರಡು ಗಿರಣಿ, ಕೆಲಸವೆಲ್ಲ ತಾಲೂಕಿನವರಿಗೇ. ಲಾರಿಯವರದು: ನಾಸಿಕ್‌ಗೆ ಬಂದ ಕಾರ್ಖಾನೆಗಳನ್ನು ಘೋಟಿಗೂ ಕರೆತರುವುದು, ಹೆದ್ದಾರಿಯ ಪಕ್ಕ ಗೋದಾಮು. ಕೊನೆಯ ಸಾಲು ಮಾತ್ರ ಇಬ್ಬರದೂ ಒಂದೇ: ಮನೆಗೊಂದು ನೌಕರಿ ಕೊಡುತ್ತೇನೆ. ಅದನ್ನು ಹಾಗೆಯೇ ಬರೆಯಲು ನನಗೆ ಮನಸ್ಸು ಬರಲಿಲ್ಲ. 'ಕೊಡಿಸಲು ಪ್ರಯತ್ನಿಸುತ್ತೇನೆ' ಎಂದು ಎರಡರಲ್ಲೂ ತಿದ್ದಿದೆ. ಅಚ್ಚಿಗೆಂದು ನಾನು ಕೈಯಲ್ಲಿ ಬರೆದ ಸ್ಟೆನ್ಸಿಲ್ ಹಾಳೆ ಒಯ್ಯುವಾಗ ಇಬ್ಬರೂ ಓದಲಿಲ್ಲ. ಅಕ್ಷರ ಮುತ್ತಿನಂತಿದೆ ಎಂದರು, ಇಬ್ಬರೂ.

ಬಸ್ಸು ನಿಲ್ಲುವ ಜಾಗದ ಗೋಡೆಯ ಮೇಲೆ ಎರಡೂ ಅಕ್ಕಪಕ್ಕ ಅಂಟಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಹೋಟೆಲಿನಲ್ಲಿ ಅದೇ ಮಾತು.

"ಇಬ್ಬರೂ ನೌಕರಿ ಕೊಡೋದಿಲ್ಲವಂತೆ, ಬರೀ ಪ್ರಯತ್ನ ಮಾಡ್ತಾರಂತೆ."

"ಗೆರೆ ನೋಡಿದೆಯಾ? ಅಣ್ಣನ ಹಲಗೆಯ ಮೇಲಿನ ಸಾಬೂದಾನಿ ಖಿಚಡಿಯ ಗೆರೆ ಅದು."

"ಅಣ್ಣಾ, ಎರಡು ಪ್ಲೇಟ್ ಇಡ್ಲಿ. ಕೊಡ್ತೀರೋ, ಪ್ರಯತ್ನ ಮಾಡ್ತೀರೋ?"

ಅಪ್ಪ ನಕ್ಕರು, ಆದರೆ ಹೆಚ್ಚು ಹೊತ್ತಲ್ಲ. ಸಂಜೆಗೆ ಬೆಂಚುಗಳು ಖಾಲಿಯಾದವು. ತಮ್ಮವರು ಇನ್ನು ಬೇರೆ ಕಡೆ ಚಹಾ ಕುಡಿಯುತ್ತಾರೆಂದು ಇಬ್ಬರು ಮಾಲೀಕರೂ ಹೇಳಿಕಳಿಸಿದ್ದರು. ಸ್ವಲ್ಪ ಹೊತ್ತಿಗೆ ಅವರೇ ಬಂದರು, ಬೇರೆಬೇರೆಯಾಗಿ, ಒಂದೇ ಬಾಗಿಲಿಗೆ. ಅಪ್ಪ ನನ್ನನ್ನು ಕರೆದರು.

"ಏನಮ್ಮಾ, 'ಪ್ರಯತ್ನಿಸುತ್ತೇನೆ' ಅಂತ ನಾನು ಯಾವಾಗ ಹೇಳಿದೆ?" ಎಂದರು ಗಿರಣಿಯವರು.

"ಮನೆಗೊಂದು ನೌಕರಿ ಎಲ್ಲಿಂದ ತರುತ್ತೀರಿ ಅಂತ ಹೇಳಿ. ಈಗಲೇ ತಿದ್ದಿಕೊಡುತ್ತೇನೆ," ಎಂದೆ.

ಅವರು ಲಾರಿಯವರ ಮುಖ ನೋಡಿದರು.

"ನನ್ನನ್ನೇನು ನೋಡ್ತೀರಿ? ಮೊದಲು ಕೇಳಿದ್ದು ನಿಮ್ಮನ್ನು," ಎಂದರು ಲಾರಿಯವರು.

"ನಿಮ್ಮ ಕಾರ್ಖಾನೆ ಯಾವ ಲಾರಿಯಲ್ಲಿ ಬರ್ತದೆ, ಅದನ್ನಾದರೂ ಹೇಳಿ," ಎಂದರು ಗಿರಣಿಯವರು.

"ಇರುವ ಗಿರಣಿಯಲ್ಲೇ ಕೆಲಸ ವರ್ಷಕ್ಕೆ ನಾಲ್ಕು ತಿಂಗಳು. ಇನ್ನೆರಡು ಕಟ್ಟಿ ಏನನ್ನು ಅಕ್ಕಿ ಮಾಡ್ತೀರಿ, ಕಲ್ಲನ್ನೇ?"

ಹೀಗೆ ಜಗಳವಾಡುತ್ತ ಇಬ್ಬರೂ ಜೊತೆಯಾಗಿಯೇ ಹೊರಟುಹೋದರು. ತುಂಬಿದ ಎರಡು ಲೋಟ ಚಹಾ ಮೇಜಿನ ಮೇಲೆ ಉಳಿದವು. ಅಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದರಿಂದ.

"ನಾಳೆ ನನಗೆ ಜ್ವರ ಬರ್ತದೆ. ಯಾವ ಮುಖ ಇಟ್ಕೊಂಡು ಹೊರಗೆ ಕೂರುದು?" ಎಂದರು.

ಮರುದಿನ ಬೆಳಿಗ್ಗೆ ಬಾಗಿಲ ಹಲಗೆಗಳನ್ನು ನಾನೇ ತೆಗೆದು ಅಪ್ಪನ ಕುರ್ಚಿಯಲ್ಲಿ ಕೂತೆ. ಗಂಡಸರು ತಿನ್ನುವ ಆ ಹೊರಗಿನ ಕೋಣೆಯಲ್ಲಿ ನಾನು ಅದುವರೆಗೆ ಒಮ್ಮೆಯೂ ಕೂತವಳಲ್ಲ. ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಗಿರಣಿಯ ವಯಸ್ಸಾದ ಹಮಾಲರೊಬ್ಬರು ಗೋಣಿಚೀಲ ಹೆಗಲ ಮೇಲಿಟ್ಟುಕೊಂಡೇ ಒಳಗಿಣುಕಿ, ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. ನಾನು ಎದ್ದು ಹೋಗಿ ಹತ್ತಿರದ ಬೆಂಚು ಒರೆಸಿ, ಅವರಿಗೆ ನೀರು ತಂದಿಟ್ಟೆ.