ಸಾರಿನ ಜೊತೆ ಒಂದು ಚೊಂಬು ನೀರು

ಜನ್ನಾಪುರದ ನಮ್ಮ ಪಕ್ಕದ ಮನೆಯ ಬಂಗಾರಮ್ಮ ಅಡುಗೆ ಮಾಡುವಾಗ ರುಚಿ ನೋಡುತ್ತಿರಲಿಲ್ಲ. ಬಡಿಸುವ ಮುಂಚೆ ಬಾಯಿಗೆ ಹಾಕಿದರೆ ಅದು ಎಂಜಲು. ಈ ಹಠಕ್ಕೆ ನಾನು ಎಷ್ಟೋ ಸಲ ಬೈದಿದ್ದೇನೆ. ಆಮೇಲಾದರೂ ಸಾರು ಮುಟ್ಟುತ್ತಿದ್ದರೇ? ಅದೂ ಇಲ್ಲ. ಅವರಿಗೆ ಎರಡು ಹೊತ್ತೂ ಮಜ್ಜಿಗೆ ಅನ್ನ, ಉಪ್ಪಿನಕಾಯಿ. ಸಾರೇನಿದ್ದರೂ ಗಂಡ ಬೀರಪ್ಪನವರ ಮುದ್ದೆಗೆ.

ಎರಡು ವರ್ಷದ ಹಿಂದೆ ಕೈನೋವು ಶುರುವಾದಾಗ ಮಸಾಲೆ ಹುರಿದು ಕುಟ್ಟುವುದನ್ನು ಬಿಟ್ಟು, ಶಿವಮೊಗ್ಗದ ಗಾಂಧಿ ಬಜಾರಿನಿಂದ ರೆಡಿಮೇಡ್ ಸಾರಿನ ಪುಡಿ ತರಿಸಿದರು. ಅದರಲ್ಲಿ ಉಪ್ಪು ಮೊದಲೇ ಬೆರೆತಿತ್ತು. ಅದು ಗೊತ್ತಿಲ್ಲದೆ ಹಳೇ ಅಳತೆಯ ಕಲ್ಲುಪ್ಪನ್ನೂ ಹಾಕುತ್ತಲೇ ಬಂದರು.

ಆಗಿನಿಂದ ಬೀರಪ್ಪನವರು ಊಟದ ನಡುವೆ ಚೊಂಬುಗಟ್ಟಲೆ ನೀರು ಕುಡಿಯತೊಡಗಿದರು.

"ತಿಂದಿದ್ದು ಮೈಗೆ ಹತ್ತೋದು ಬೇಡ್ವೇನ್ರೀ? ಸಾರು ಹೆಂಗಿದೆ ಹೇಳಿ," ಎಂದು ಬಂಗಾರಮ್ಮ ಗದರುತ್ತಿದ್ದರು.

"ಚೆನ್ನಾಗಿದೆ ಮಾರಾಯ್ತಿ," ಎನ್ನುತ್ತಿದ್ದರು ಅವರು.

ಬೀರಪ್ಪನವರು ತೀರಿಕೊಂಡ ಮೇಲಿನ ಮೊದಲ ಅಮಾವಾಸ್ಯೆಗೆ ಅದೇ ಸಾರು ಮಾಡಿ ಫೋಟೋದ ಮುಂದೆ ಎಡೆ ಇಟ್ಟರು. ನಾನೂ ಅಲ್ಲಿದ್ದೆ. ಪೂಜೆಯಾದ ಮೇಲೆ ಪ್ರಸಾದವೆಂದು ಒಂದು ತುತ್ತು ಬಾಯಿಗಿಟ್ಟರು. ಉಗುಳಲಿಲ್ಲ, ಕಷ್ಟಪಟ್ಟು ನುಂಗಿದರು.

ಆಮೇಲೆ ಎದ್ದು, ಎಡೆಯ ಪಕ್ಕದಲ್ಲಿದ್ದ ಪುಟ್ಟ ಲೋಟ ತೆಗೆದು, ದೊಡ್ಡ ಚೊಂಬಿನ ತುಂಬ ನೀರು ತಂದಿಟ್ಟರು.