ಬಂಕರಿನ ಫಕೀರ

ಫಕೀರಪ್ಪನ ಕಾಲುಗಳು ಒಂದು ಕಡೆ ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಕಡಿಮೆ. ಊಟಕ್ಕೆ ಕೂತರೆ ಹಿಮ್ಮಡಿ ನೆಲ ಬಡಿಯುತ್ತಿತ್ತು. ರೈಫಲ್ ಒರೆಸುವಾಗ ಬೂಟಿನೊಳಗೇ ಹೆಬ್ಬೆರಳು ತಾಳ ಹಾಕುತ್ತಿತ್ತು. ಬೂಟಿನ ಮೂತಿ ಮೇಲೆ ಕೆಳಗೆ ಆಡುವುದು ನಮಗೆಲ್ಲ ಕಾಣುತ್ತಿತ್ತು. ಪರೇಡಿನಲ್ಲಿ 'ಸಾವಧಾನ್' ಎಂದಾಗ ಮಾತ್ರ ಕಂಬದ ಹಾಗೆ ನಿಲ್ಲುತ್ತಿದ್ದ. 'ವಿಶ್ರಾಮ್' ಎಂದ ಕೂಡಲೇ ಮತ್ತೆ ಶುರು. "ಏನೋ ಅದು, ಬೂಟಿನ್ಯಾಗ ಇರಿವಿ ಹೊಕ್ಕಾವೇನ?" ಎಂದು ನಾನು ಗದರಿದರೆ, "ಹೆಜ್ಜಿ ಉಸ್ತಾದ, ಹೆಜ್ಜಿ. ಮರತ ಹೋದರ ಊರಾಗ ಮಂದಿ ನಗತಾರ" ಎಂದು ಹಲ್ಲು ಕಿರಿಯುತ್ತಿದ್ದ.

ತೊರಗಲ್ಲಿನ ಹುಡುಗ. ಪುಸ್ತಕದಲ್ಲಿ ಮೊಹರಂ ಎಂದು ಬರೆಯುವುದಕ್ಕೆ ನಮ್ಮ ಕಡೆ ಅಲಾವಿ ಹಬ್ಬ ಎನ್ನುತ್ತಾರೆ. ಆ ಹಬ್ಬದಲ್ಲಿ ಕೋಟೆಯ ಕೆಳಗಿನ ಓಣಿಯಲ್ಲಿ ಹೆಜ್ಜೆ ಕುಣಿಯುವ ಮೇಳಕ್ಕೆ ಇವನೇ ಮುಂದಾಳು. ನಾನು ಬೈಲಹೊಂಗಲದವನು, ಟೆಂಪೋ ಓಡಿಸುವ ಸಾಬರ ಮಗ, ಹೆಸರು ಮೌಲಾಸಾಬ. ಪಲ್ಟನ್ನಿನಲ್ಲಿ ಹವಾಲ್ದಾರನಾಗಿದ್ದೆ, ಅವನ ತುಕಡಿ ನನ್ನ ಕೈಯಲ್ಲಿತ್ತು. ಸಾಬನಾದ ನಾನು ಹಬ್ಬಕ್ಕೆ ಒಂದು ದಿನ ರಜೆ ಸಿಕ್ಕರೆ ನಿದ್ದೆ ಮಾಡುವವನು. ವಿಭೂತಿ ಹಚ್ಚುವ ಮನೆಯ ಈ ಹುಡುಗ ಅಲಾವಿ ದೇವರ ಹೆಸರು ಹೇಳಿದರೆ ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದ. ನಮ್ಮ ನಾಡು ಇರುವುದೇ ಹಾಗೆ, ಪಂಜಾಬದ ಹುಡುಗರಿಗೆ ಇದನ್ನು ವಿವರಿಸಿ ವಿವರಿಸಿ ನನಗೇ ಸಾಕಾಗಿತ್ತು.

ಆಗ ನಾವಿದ್ದದ್ದು ಉತ್ತರದ ಗಡಿಯ ಒಂದು ಗುಡ್ಡದ ನೆತ್ತಿಯಲ್ಲಿ. ಹೆಸರು ಬೇಡ. ಹುಲ್ಲು ಬೆಳೆಯದ, ಹಕ್ಕಿ ಬಾರದ ಜಾಗ. ನಾಲ್ಕು ಬಂಕರುಗಳು ಒತ್ತಾಗಿದ್ದವು; ಐದನೆಯದು ಒಂದು ಬೋಳು ಇಳಿಜಾರಿನ ಆಚೆಗಿತ್ತು. ಆ ಇಳಿಜಾರು ಎದುರಿನ ಗುಡ್ಡಕ್ಕೆ ಅಂಗೈಯಷ್ಟು ನಿಚ್ಚಳವಾಗಿ ಕಾಣುವುದರಿಂದ ಮಂಜು ಕವಿದಾಗ ಮಾತ್ರ ದಾಟಬೇಕು. ಎರಡು ಸಲ ಅಲ್ಲಿ ಗುಂಡು ಹಾರಿತ್ತು. ಅದಕ್ಕಿಂತ ದೊಡ್ಡ ವೈರಿ ಚಳಿ. ಬೆವೆತ ಕಾಲಚೀಲವನ್ನು ಬದಲಿಸದೆ ಮಲಗಿದವನ ಬೆರಳು ಬೆಳಿಗ್ಗೆ ಕಪ್ಪಾಗುವ ಊರು ಅದು. ಹಾಗಾಗಿ ಸಂಜೆಯಾದರೆ ಜೋಡಿ ಜೋಡಿಯಾಗಿ ಕೂತು ಒಬ್ಬರ ಪಾದ ಇನ್ನೊಬ್ಬರು ನೋಡಬೇಕು, ಒತ್ತಬೇಕು, ಉಜ್ಜಬೇಕು. ಫಕೀರಪ್ಪನ ಜೋಡಿ ಥಾಪಾ ಎಂಬ ಗೂರ್ಖಾ ಹುಡುಗ.

ಅಲ್ಲಿ ಕೆಲಸಕ್ಕಿಂತ ಕಾಯುವುದೇ ಹೆಚ್ಚು. ಕಾಯುವ ಹುಡುಗರಿಗೆ ತಲೆ ಕೆಡದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ನನ್ನಿಂದ ಅದನ್ನು ಕಸಿದುಕೊಂಡು ಮಾಡಿದವನು ಫಕೀರಪ್ಪ. ಕಾಡತೂಸಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಇದ್ದಿಲಿನಿಂದ ಚೌಕಾಬಾರದ ಮನೆ ಬರೆದಿದ್ದ. ಒಡೆದ ಹುಣಸೆ ಬೀಜಗಳನ್ನು ಊರಿನಿಂದಲೇ ತಂದಿದ್ದ. ಮೊಬೈಲಿನ ಚಾರ್ಜು ತೀರಿದವರೆಲ್ಲ ಅವನ ಸುತ್ತ. ಪಂಜಾಬಿ ಗುರ್ಮೀತ "ಚೌಕಾ!" ಎಂದು ಕೂಗುವುದನ್ನು ಕೇಳಬೇಕಿತ್ತು, ಬೈಲಹೊಂಗಲದ ಪ್ಯಾಟಿಯಲ್ಲಿ ಹುಟ್ಟಿದವನೇ ಸೈ. ಆಟ ಬೇಸರವಾದರೆ ಖಾಲಿ ಸೀಮೆಎಣ್ಣೆ ಕ್ಯಾನು ಬಡಿಯುವ ಹಲಗೆಯಾಗುತ್ತಿತ್ತು. ತಗ್ಗು ಚಾವಣಿಗೆ ತಲೆ ತಾಗಬಾರದೆಂದು ಸೊಂಟ ಬಗ್ಗಿಸಿಕೊಂಡೇ ಎಲ್ಲರಿಗೂ ಹೆಜ್ಜೆ ಕಲಿಸುತ್ತಿದ್ದ. "ಮುಂದ ಎರಡ, ಹಿಂದ ಒಂದ, ಕುಂಡಿ ಅಲಗಿಸಬ್ಯಾಡೋ ಥಾಪಾ, ಇದು ಸತ್ತವರ ಸಲುವಾಗಿ ಕುಣಿಯೂ ಹೆಜ್ಜಿ!"

ಒಂದು ಮಧ್ಯಾಹ್ನ ಚೌಕಾಬಾರ ಆಡುತ್ತ ತನ್ನ ಹೆಸರಿನ ಕತೆ ಹೇಳಿದ. ಹುಟ್ಟಿ ಮೂರು ವರ್ಷ ದಾಟಿದರೂ ಅವನು ನಿಂತಿರಲಿಲ್ಲವಂತೆ. ರಾಮದುರ್ಗದ ಡಾಕ್ಟರು ಕೈಚೆಲ್ಲಿದರು. ಅವರವ್ವ ಮಗುವನ್ನು ಬಗಲಲ್ಲಿ ಹೊತ್ತು ತಂದು ಅಲಾವಿ ದೇವರ ಮುಂದೆ ಮಲಗಿಸಿ ಹರಕೆ ಹೊತ್ತಳು. ಮಗ ನಡೆದರೆ ಮದುವೆಯಾಗುವವರೆಗೂ ಪ್ರತಿ ಹಬ್ಬದಲ್ಲಿ ಫಕೀರನಾಗುತ್ತಾನೆ. ಐದು ದಿನ ಕೊರಳಲ್ಲಿ ಕೆಂಪು ಲಾಡಿ ದಾರ, ಐದು ಮನೆಯ ಭಿಕ್ಷೆ, ಸುಳ್ಳಾಡುವಂತಿಲ್ಲ, ಕಾಲಿಗೆ ಏನೂ ತೊಡುವಂತಿಲ್ಲ. ಕಡೆಗೆ ಮಲಪ್ರಭೆಗೆ ಹೋಗಿ ಲಾಡಿ ಬಿಚ್ಚಿದರೆ ಫಕೀರಿಕೆ ಮುಗಿಯಿತು.

"ಮುಂದಿನ ಹಬ್ಬದಾಗ ನಾನ ನಡಕೊಂತ ಹ್ವಾದ್ನೆಂತ್ರಿ ಉಸ್ತಾದ. ಈ ಕಾಲ ನನ್ನವಲ್ಲ, ಕೊಟ್ಟಾವ ಬ್ಯಾರೆ ಅದಾನ. ಒಂದ ವರ್ಷ ತಪ್ಪಿಸಿದ್ರ ಹೊಳ್ಳಿ ಇಸಗೋತಾನ" ಎಂದ. ಎಂದಿನ ನಗೆ ಇರಲಿಲ್ಲ.

ಆ ವರ್ಷ ಹಬ್ಬ ಸೆಪ್ಟೆಂಬರಿನಲ್ಲಿ ಬಂತು, ಅದರ ಜೊತೆಗೇ ಮೊದಲ ಹಿಮಗಾಳಿ. ವಾರಕ್ಕೊಮ್ಮೆ ಉಪಗ್ರಹದ ಫೋನಿನಲ್ಲಿ ಎಲ್ಲರೂ ಮನೆಗೆ ಮಾತಾಡುತ್ತಿದ್ದರು. ಒಬ್ಬನೇ ಎಲ್ಲರ ಹೊತ್ತು ನುಂಗಬಾರದೆಂದು ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಫಕೀರಪ್ಪನ ಅವ್ವನ ದನಿ ಫೋನಿನಾಚೆಗೂ ಕೇಳುವಷ್ಟು ದೊಡ್ಡದು. "ಹಬ್ಬ ಬಂತು ಫಕೀರಾ. ಎಲ್ಲೇ ಇರು, ಬಿಡಬ್ಯಾಡ ಮಗನ. ಇದೊಂದ ವರ್ಷ, ಮುಂದ ಲಗ್ನ ಆಕ್ಕೈತಿ. ಥಂಡಿ ಅಂತಿ, ಸ್ವೆಟರ್ ಹಾಕ್ಕೊ." ಆ ತಾಯಿಗೆ ಗೊತ್ತಿದ್ದ ಥಂಡಿ ಅಷ್ಟೇ. "ಬಿಡಾಂಗಿಲ್ಲಬೇ" ಎಂದ ಇವನು.

ಫೋನ್ ಇಡುತ್ತಲೇ ನಾನು ಅವನ ಕಾಲರು ಹಿಡಿದೆ. "ಲಾಡಿ ಹಾಕ್ಕೊ, ಭಿಕ್ಷಾ ಬೇಡು, ಬೇಕಾದ್ದ ಮಾಡು. ಬೂಟ ಬಿಚ್ಚಿದರ ಮಾತ್ರ ನಿನ್ನ ಕೆಳಗ ಕಳಸ್ತೇನಿ. ತಿಳೀತ?"

ಅವನು ತನ್ನ ಬೂಟು ನೋಡಿಕೊಂಡ. "ಬೂಟ ಬಿಚ್ಚಾಂಗಿಲ್ಲ ಉಸ್ತಾದ. ಮಾತ ಕೊಟ್ಟೆ" ಎಂದ. ಇಷ್ಟು ಸುಲಭವಾಗಿ ಒಪ್ಪಿದನಲ್ಲ ಎಂದು ನನಗೆ ಸಮಾಧಾನವೇ ಆಯಿತು.

ಮಾರನೆಯ ದಿನ ಊಟದ ತಟ್ಟೆ ಹಿಡಿದು ಮೊದಲ ಬಂಕರಿನ ಬಾಗಿಲಲ್ಲಿ ನಿಂತು, "ಫಕೀರ ಬಂದಾನ್ರೀ" ಎಂದು ರಾಗ ಎಳೆದ. ಗುರ್ಮೀತ ಸಕ್ಕರೆ ಹಾಕಿದ, ಥಾಪಾ ಬಿಸ್ಕೀಟು ಹಾಕಿದ. ಅವೆರಡನ್ನೂ ಪುಡಿ ಮಾಡಿ ಕಲಸಿ ನೈವೇದ್ಯದ ಮಾದಲಿ ಎಂದು ಎಲ್ಲರ ಬಾಯಿಗೂ ಇಟ್ಟ. ದಿನಕ್ಕೊಂದು ಬಂಕರು. ಹುಡುಗರಿಗೆ ಹಬ್ಬವೋ ಹಬ್ಬ. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಮೊದಲೆರಡು ಸಂಜೆ ಥಾಪಾ ಬರುವಷ್ಟರಲ್ಲೇ ಬರಿಪಾದ ಚಾಚಿ ಕೂತಿದ್ದನಂತೆ; ಮೂರನೆಯ ಸಂಜೆ ಪಾದ ನೋಡುವ ಹೊತ್ತಿಗೆ ಅವನು ಇರಲಿಲ್ಲ. ಬೇರೆಯವನ ಪಾಳಿಯನ್ನು ಕೇಳಿ ಪಡೆದು ಪಹರೆಗೆ ನಿಂತಿದ್ದ. ನಾಲ್ಕನೆಯ ಸಂಜೆಯೂ ಹಾಗೇ. ಥಾಪಾ ಕೇಳಿದರೆ "ಇವತ್ತು ನನಗೆ ಪಹರೆ ಇದೆ" ಅಂದನಂತೆ. ಆ ದಿನ ಚಹಾ ಕುಡಿಯುವಾಗ ಏನೋ ಒಂದು ಕೊರತೆ ನನ್ನನ್ನು ಕಾಡಿತು. ಏನೆಂದು ಬೇಗ ಹೊಳೆಯಲಿಲ್ಲ. ಆಮೇಲೆ ತಿಳಿಯಿತು: ಫಕೀರಪ್ಪ ಎದುರಿಗೆ ಕೂತಿದ್ದ, ಅವನ ಬೂಟುಗಳು ಸುಮ್ಮನಿದ್ದವು. ವ್ರತದಲ್ಲಿ ಹುಡುಗ ಗಂಭೀರನಾಗಿದ್ದಾನೆ ಎಂದುಕೊಂಡೆ.

ಐದನೆಯ ದಿನ ಮಂಜು ಕವಿಯಿತು. ಐದನೆಯ ಬಂಕರಿಗೆ ದಿನಸಿ ಮುಟ್ಟಿಸಲು ನಾನು, ಥಾಪಾ ಹೊರಟಾಗ ತಾನೂ ಬರುತ್ತೇನೆಂದು ಹಠ ಹಿಡಿದ. ಐದನೆಯ ಮನೆ ಉಳಿದಿದೆಯಲ್ಲ! ಕರೆದುಕೊಂಡು ಹೋದೆ. ಇಳಿಜಾರಿನ ನಡುವೆ ಹಿಂದಿನಿಂದ ದಪ್ ಎಂಬ ಸದ್ದು ಬಂತು. ತಿರುಗಿದರೆ ಫಕೀರಪ್ಪ ಬಿದ್ದಿದ್ದ. ಎದ್ದ, ಮತ್ತೆ ಬಿದ್ದ.

"ಏನಾತೋ?"

"ಕಾಲ ಎಲ್ಲಿ ಇಡಾಕತ್ತೇನಿ ತಿಳೀವಲ್ದು ಉಸ್ತಾದ" ಎಂದ. ದನಿಯಲ್ಲಿ ಹೆದರಿಕೆಯಿತ್ತು.

ಅಷ್ಟರಲ್ಲಿ ಗಾಳಿ ತಿರುಗಿತು. ಮಂಜು ತೆಳುವಾಗತೊಡಗಿತು. ಎದುರಿನ ಗುಡ್ಡದ ಅಂಚು ಮೊದಲು ನೆರಳಿನ ಹಾಗೆ, ಆಮೇಲೆ ಕಲ್ಲು ಕಲ್ಲಾಗಿ ಕಾಣಿಸಿತು. ನಮಗೆ ಅದು ಕಂಡರೆ ಅಲ್ಲಿದ್ದವರಿಗೆ ನಾವೂ ಕಂಡೆವು. ದಿನಸಿ ಅಲ್ಲೇ ಬಿಸಾಕಿ, ಆ ಹುಡುಗನ ಎರಡೂ ಬಗಲಿಗೆ ಕೈ ಹಾಕಿ ಚೀಲ ಎಳೆದಂತೆ ಎಳೆದೆವು. ಬೆನ್ನಿಗೆ ಯಾವಾಗ ಬಂದು ತಾಗುತ್ತದೋ ಎಂದು ಮೈಯೆಲ್ಲ ಬೆನ್ನಾಗಿತ್ತು. ಯಾಕೋ ಯಾರೂ ಗುಂಡು ಹಾರಿಸಲಿಲ್ಲ. ಐದನೆಯ ಬಂಕರಿನೊಳಗೆ ಬಿದ್ದ ಮೇಲೆ ಚಾಕುವಿನಿಂದ ಬೂಟಿನ ದಾರ ಕೊಯ್ದೆ. ಬೂಟು ಕಳಚಿತು. ಒಳಗೆ ಕಾಲಚೀಲವೇ ಇರಲಿಲ್ಲ. ಬರಿಗಾಲು, ಮೇಣದಬತ್ತಿಯ ಬಣ್ಣ. ಉಗುರಿನಿಂದ ಒತ್ತಿದರೂ ಅವನಿಗೆ ತಿಳಿಯಲಿಲ್ಲ.

"ಬೂಟ ಸರಕಾರದ್ದು ಉಸ್ತಾದ, ನಿಮಗ ಮಾತ ಕೊಟ್ಟಿದ್ದೆ" ಎಂದ. "ಕಾಲಚೀಲ ಒಂದ ನನ್ನ ಕೈಯಾಗ ಇತ್ತು. ಹಾಕ್ಕೊಂಡ್ರೂ ಕಾಲ ಹೋಗತಾವು, ಬಿಟ್ಟರೂ ಹೋಗತಾವು. ಏನ ಮಾಡಬೇಕಿತ್ತು ಹೇಳ್ರಿ."

ಕೆನ್ನೆಗೆ ಬಿಡಬೇಕೆಂದು ಕೈ ಎತ್ತಿದವನು ಕೋಟಿನ ಗುಂಡಿ ಬಿಚ್ಚಿ ಆ ಎರಡೂ ಪಾದಗಳನ್ನು ನನ್ನ ಹೊಟ್ಟೆಗೆ ಒತ್ತಿಕೊಂಡೆ. ಹಿಮದ ಗಡ್ಡೆ ಇಟ್ಟ ಹಾಗಾಯಿತು. ಅವನು ಕಾಲು ಎಳೆದುಕೊಳ್ಳಲು ನೋಡಿದ. "ಬ್ಯಾಡ್ರಿ, ಹಿರ್ಯಾರಿಗೆ ಕಾಲ ತಾಗಸಬಾರದು" ಎಂದ. ಆ ಹೊತ್ತಿನಲ್ಲೂ ಅದೇ ಚಿಂತೆ. ಆಮೇಲೆ ಮೆಲ್ಲಗೆ, "ಇದ ಐದನೇ ಮನಿ. ಏನರ ನೀಡಾಕ ಹೇಳ್ರಿ" ಎಂದ. ಅಲ್ಲಿದ್ದ ಸಿಪಾಯಿ ಏನೂ ತಿಳಿಯದೆ ಒಂದು ಚಾಕಲೇಟಿನ ತುಂಡು ಅವನ ಕೈಗಿಟ್ಟ. ನಾನು ಮುಖ ತಿರುಗಿಸಿ ಅತ್ತುಬಿಟ್ಟೆ.

ಹೆಲಿಕಾಪ್ಟರು ಬರಲು ಆಕಾಶ ಬಿಡುವು ಕೊಡಲಿಲ್ಲ. ಮೊದಲು ಎರಡೂ ಪಾದ ಊದಿದವು, ಆಮೇಲೆ ಬೊಬ್ಬೆ ಎದ್ದವು. ನೋವು ಶುರುವಾದಾಗ ಅವನು ಕಂಬಳಿ ಕಚ್ಚಿಕೊಂಡು ಮಲಗಿದ. ಬೆರಳುಗಳು ದಿನದಿಂದ ದಿನಕ್ಕೆ ಕಪ್ಪಾಗುವುದನ್ನು ನೋಡುತ್ತ ಕೂರುವುದನ್ನು ಬಿಟ್ಟು ನಾವು ಮಾಡುವಂಥದ್ದು ಏನೂ ಇರಲಿಲ್ಲ. ಆಕಾಶ ತೆರೆದ ಬೆಳಿಗ್ಗೆ ಅವನನ್ನು ಹೊತ್ತು ಏರಿಸಿದೆವು. ಕೊರಳಲ್ಲಿ ಲಾಡಿ ಹಾಗೇ ಇತ್ತು.

ಕೆಲವು ವಾರಗಳ ಮೇಲೆ ವಿಚಾರಣೆಗೆಂದು ನನ್ನನ್ನು ಕೆಳಗಿನ ಆಸ್ಪತ್ರೆಗೆ ಕರೆಸಿದರು. ಎಡಗಾಲಿನ ಐದೂ ಬೆರಳು, ಬಲಗಾಲಿನ ಎರಡು ತೆಗೆದಿದ್ದರು. ಚಳಿಗೆ ಹೋದ ಬೆರಳಾದರೆ ಕೂತು ಮಾಡುವ ಕೆಲಸವಾದರೂ ಸಿಗುತ್ತದೆ, ನೌಕರಿ ಉಳಿಯುತ್ತದೆ. ಬೇಕೆಂದೇ ಕಾಲಚೀಲ ಬಿಟ್ಟವನೆಂದು ತೀರ್ಮಾನವಾದರೆ ಮನೆಗೆ ಕಳಿಸುತ್ತಾರೆ. ಒಳಗೆ ಹೋಗುವ ಮುಂಚೆ ನಾನು ಅವನ ಕಿವಿಯಲ್ಲಿ ಹೇಳಿದೆ: "ಕಾಲಚೀಲ ತೊಯ್ದಿದ್ದವು, ಉಸ್ತಾದ ಬಿಚ್ಚಿ ಒಣಗಸಂದ ಅನ್ನು. ನಾನೂ ಹಂಗ ಹೇಳ್ತೇನಿ. ಥಾಪಾನೂ ಹೇಳ್ತಾನ."

"ಲಾಡಿ ಅದಲ್ರಿ ಕೊಳ್ಳಾಗ. ಸುಳ್ಳ ಹೇಳಾಕ ಬರಂಗಿಲ್ಲ."

"ಹಬ್ಬ ಮುಗದ ಎಷ್ಟ ದಿನಾತೋ ಹುಚ್ಚಪ್ಪಾ! ಬಿಚ್ಚಿ ಒಗಿ, ಆಮ್ಯಾಲ ಹೇಳು."

"ಇಲ್ಲೆಲ್ಲೈತ್ರಿ ಮಲಪ್ರಭಾ?" ಎಂದು ಅವನು ಊರುಗೋಲು ಎತ್ತಿಕೊಂಡು ಒಳಗೆ ನಡೆದ.

ವಿಚಾರಣೆ ಮಾಡಿದ ಅಧಿಕಾರಿ ಒಳ್ಳೆಯ ಮನುಷ್ಯ. ಇವನಿಗೆ ಬೇರೆ ಉತ್ತರ ಹೊಳೆಯಲೆಂದು ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳಿದರಂತೆ. ಇವನು ಮೂರಕ್ಕೂ ನಿಜವನ್ನೇ ಹೇಳಿದ. ಸಂಜೆಯ ಹೊತ್ತಿಗೆ ತೀರ್ಮಾನ ಬಂತು. ವರಾಂಡದ ಬೆಂಚಿನ ಮೇಲೆ ನನ್ನ ಪಕ್ಕ ಕೂತು, "ಮನಿಗೆ ಕಳಸ್ತಾರಂತ್ರಿ" ಎಂದ. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ಅಷ್ಟೇ ಪ್ರೀತಿಯೂ ಬಂದಿತ್ತು.

ಆಮೇಲೆ ಅವನು ಅವ್ವನ ನಂಬರನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟ. "ಅವ್ವಗ ಇನ್ನೂ ಏನೂ ಹೇಳಿಲ್ಲ, ನೀವ ಹೇಳ್ರಿ ಉಸ್ತಾದ. ಬರ್ಫದಾಗ ಆತು ಅನ್ರಿ. ಹರಕಿ ಸುದ್ದಿ ತಗೀಬ್ಯಾಡ್ರಿ. ಬಿಡಬ್ಯಾಡ ಅಂದಾಕಿ ಆಕಿ. ಗೊತ್ತಾದ್ರ ಜೀವಾ ತಡ್ಯಾಂಗಿಲ್ಲ. ನನಗ ಹೇಳಾಕ ಬರಂಗಿಲ್ಲ, ನಿಮಗ ಬರ್ತೈತಿ."

ಅವನು ಗೋಡೆ ಹಿಡಿದುಕೊಂಡು ವಾರ್ಡಿನ ಕಡೆ ಹೋದ. ನಾನು ಅವನನ್ನು ಕಂಡದ್ದು ಅದೇ ಕಡೆಯ ಸಲ. ಮಾರನೆಯ ನಸುಕಿಗೇ ನಾನು ಗುಡ್ಡಕ್ಕೆ ಮರಳಬೇಕಿತ್ತು. ನಾನು ಫೋನ್ ಹಚ್ಚಿದೆ.

"ಅವ್ವಾ, ನಾ ಫಕೀರಪ್ಪನ ಹವಾಲ್ದಾರ ಮಾತಾಡಾಕತ್ತೇನಿ. ಬರ್ಫದಾಗ ಸಿಕ್ಕೊಂಡಿದ್ದ. ಜೀವಕ್ಕ ಏನೂ ಇಲ್ಲ. ಕಾಲಬೆರಳ ಸ್ವಲ್ಪ ಹೋಗ್ಯಾವು. ಮನಿಗೆ ಬರ್ತಾನ."

ಆ ಕಡೆ ಆಕೆಯ ದೊಡ್ಡ ದನಿ ಸಣ್ಣದಾಯಿತು.

"ಯಾವಾಗ ಆತ್ರಿ ಇದು?"

"ಹಬ್ಬದ ದಿನದಾಗ."

"ಕಾಲಾಗ ಹಾಕ್ಕೊಂಡಿದ್ನೇನ್ರಿ?"

ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು. ನಿಜ ನಾಲಿಗೆಯ ತುದಿಗೆ ಬಂತು. ಆದರೆ ಹುಡುಗ ಕೇಳಿಕೊಂಡ ಮಾತು ಅಡ್ಡ ನಿಂತಿತ್ತು.

"ಹೂನವ್ವಾ" ಎಂದೆ. "ಬೂಟ, ಕಾಲಚೀಲ ಎಲ್ಲಾ ಹಾಕ್ಕೊಂಡಿದ್ದ."

"ಹಾಕ್ಕೊಂಡಿದ್ನಾ" ಎಂದಳು. ಆಮೇಲೆ, ಯಾರಿಗೂ ಅಲ್ಲ ಎನ್ನುವ ಹಾಗೆ, "ಬಿಡಬ್ಯಾಡ ಅಂತ ಬಡಕೊಂಡಿದ್ನೆಲ್ಲಪಾ. ಸಣ್ಣ ಕೂಸಿದ್ದಾಗಿಂದ ಒಂದ ವರ್ಷ ತಪ್ಪಿಸಿರಲಿಲ್ಲ. ಇದೊಂದ ವರ್ಷ ಅವ್ವನ ಮಾತ ಕೇಳಲಿಲ್ಲ ನೋಡ್ರಿ."